ಹಳೆಯ ಮನೆಯ ಅರ್ಥಿಂಗ್: ತಪ್ಪು ಕಲ್ಪನೆ ಮತ್ತು ವಾಸ್ತವ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಹಳೆಯ ಮನೆಗಳ ವೈರಿಂಗ್ ಹಾಕಿದ್ದು ನಾಲ್ಕು ಬಲ್ಬು, ಒಂದು ಫ್ಯಾನಿಗಾಗಿ. ಇವತ್ತು ಅದರ ಮೇಲೆಯೇ ಗೀಜರ್, ಫ್ರಿಜ್, ವಾಷಿಂಗ್ ಮಷಿನ್, ನೀರಿನ ಮೋಟರ್ ಎಲ್ಲ ನಡೆಯುತ್ತಿವೆ.

ತಪ್ಪು ಕಲ್ಪನೆ: ಮೂರು ತೂತಿನ ಸಾಕೆಟ್ ಇದೆ, ಅಂದರೆ ಅರ್ಥಿಂಗ್ ಇದೆ.

ವಾಸ್ತವ: ಮೇನ್ ಬಂದ್ ಮಾಡಿಸಿ ಬೋರ್ಡ್ ಬಿಚ್ಚಿಸಿ ನೋಡಿ. ಕಟ್ಟಿಗೆ ಪಟ್ಟಿಯ ಮೇಲೆ ಎರಡೇ ವೈರ್ ಎಳೆದ ಮನೆಗಳಲ್ಲಿ ಮೇಲಿನ ದಪ್ಪ ತೂತಿಗೆ ಏನೂ ಸೇರಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಆ ತೂತಿಗೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಕೊಟ್ಟಿರುವುದು. ಗಾಳಿಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಗೆ, ಗೀಜರ್‌ನ ಮೈಗೆ ನೇರ ಕರೆಂಟ್ ಬರುತ್ತದೆ. ಆ ತುಂಡು ವೈರನ್ನು ಇವತ್ತೇ ತೆಗೆಸಬೇಕು.

ತಪ್ಪು ಕಲ್ಪನೆ: ಫೇಸ್‌ಗೂ ಅರ್ಥ್‌ಗೂ ಬಲ್ಬು ಹಿಡಿದರೆ ಉರಿಯುತ್ತದೆ, ಆದ್ದರಿಂದ ಅರ್ಥಿಂಗ್ ಗಟ್ಟಿ.

ವಾಸ್ತವ: ನಮ್ಮಲ್ಲಿ ಎಲ್ಲರೂ ನಂಬಿರುವ ಪರೀಕ್ಷೆ ಇದು, ಮೋಸ ಮಾಡುವುದೂ ಇದೇ. 100 ವ್ಯಾಟಿನ ಹಳೆಯ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. ಅರ್ಥ್‌ನ ರೋಧ 50 ಓಮ್ ಇದ್ದರೂ ಅದು ಝಗ್ಗೆಂದು ಉರಿಯುತ್ತದೆ. ಆದರೆ ಗೀಜರ್ ಒಳಗೆ ಫೇಸ್ ವೈರ್ ಮೈಗೆ ತಾಗಿದಾಗ ಅದೇ ನೆಲದ ದಾರಿಯಲ್ಲಿ ಹರಿಯುವುದು 5 ಆಂಪಿಯರ್‌ಗಿಂತ ಕಡಿಮೆ. 16 ಆಂಪಿಯರ್‌ನ ಎಂಸಿಬಿ ಬೀಳುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ಬಚ್ಚಲಿನಲ್ಲಿ ನಿಂತವರ ಕೈಗೆ ಕರೆಂಟ್ ಕಾದಿರುತ್ತದೆ. ಅರ್ಥ್ ಟೆಸ್ಟರ್‌ನಿಂದ ಅಳೆಸಿದ ಓಮ್ ಲೆಕ್ಕವನ್ನಷ್ಟೇ ನಂಬಿ.

ಅಳೆಸುವುದು ಬೇಸಿಗೆಯಲ್ಲೇ ಆಗಲಿ. ಕೃಷ್ಣೆಯ ಬಯಲಿನ ಎರೆಮಣ್ಣು ಮಳೆಗಾಲದಲ್ಲಿ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಏಪ್ರಿಲ್-ಮೇನಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟು ನೆಲಕ್ಕಿಳಿಸಿದ ಅರ್ಥ್ ಕೊಳವೆಯಿಂದ ಸರಿದು ನಿಲ್ಲುತ್ತದೆ.

ತಪ್ಪು ಕಲ್ಪನೆ: ಅರ್ಥ್ ಗುಂಡಿಗೆ ಉಪ್ಪು-ಇದ್ದಿಲು ಹಾಕಿ ನೀರು ಹೊಯ್ದರೆ ಆಯಿತು.

ವಾಸ್ತವ: ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಇದ್ದಷ್ಟು ದಿನ ಜಿಐ ಕೊಳವೆಯನ್ನು ತಿನ್ನುತ್ತದೆ. ಎರಡೂವರೆ ಮೀಟರ್‌ಗೂ ಕಡಿಮೆಯಿಲ್ಲದ ಕೊಳವೆಯನ್ನು ತೇವ ಉಳಿಯುವ ಆಳಕ್ಕೆ ಇಳಿಸಿ, ಸುತ್ತ ಬೆಂಟೊನೈಟ್ ತುಂಬಿಸುವುದು ಮೇಲು. ಒಂದು ಸಾಲದಿದ್ದರೆ ಉದ್ದದ ಎರಡು ಪಟ್ಟು ದೂರ ಬಿಟ್ಟು ಇನ್ನೊಂದನ್ನು ಇಳಿಸಿ, ಎರಡನ್ನೂ ಜೋಡಿಸಬೇಕು.

ತಪ್ಪು ಕಲ್ಪನೆ: ನಳದ ಪೈಪಿಗೆ ವೈರ್ ಸುತ್ತಿದರೂ ನಡೆಯುತ್ತದೆ.

ವಾಸ್ತವ: ಖಂಡಿತ ಇಲ್ಲ. ಕಬ್ಬಿಣದ ಪೈಪಿಗೆ ನಡುವೆ ಎಲ್ಲೋ ಪ್ಲಾಸ್ಟಿಕ್ ಜೋಡಿಸಿದ್ದರೆ ದಾರಿ ಅಲ್ಲಿಗೇ ಕಡಿಯಿತು. ನಳ ಮುಟ್ಟಿದವರಿಗೇ ಶಾಕ್.

ತಪ್ಪು ಕಲ್ಪನೆ: ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ ಅದು ಕೆಟ್ಟಿದೆ, ತೆಗೆಸಿಬಿಡಿ.

ವಾಸ್ತವ: ಹಳೆಯ ಮನೆಯಲ್ಲಿ ಅದು ಬೀಳುತ್ತಿದ್ದರೆ ಬಹುಮಟ್ಟಿಗೆ ನಿಜವಾಗಿಯೇ ಎಲ್ಲೋ ಸೋರಿಕೆ ಇದೆ. 2019ರ ಮಹಾಪೂರದಲ್ಲಿ ನೀರು ಹೊಕ್ಕು, ಆಮೇಲೆ ವೈರಿಂಗ್ ಬದಲಿಸದ ಗೋಡೆಗಳನ್ನು ಮೊದಲು ನೋಡಿಸಿ. 30 ಮಿಲಿಆಂಪಿಯರ್ ಸೋರಿದರೆ ಸಾಕು, ಆರ್‌ಸಿಸಿಬಿ ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ಈ ಕೆಲಸ ಎಂಸಿಬಿಯಿಂದ ಆಗದು. ಹಾಗೆಂದು ಅರ್ಥಿಂಗ್ ಬೇಡವೆಂದಲ್ಲ. ಅರ್ಥ್ ಸರಿಯಿದ್ದರೆ ಮನುಷ್ಯ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ.

ಖರ್ಚಿಗೆ ಹಿಂಜರಿಯುವವರು ಕನಿಷ್ಠ ಗೀಜರ್, ಮೋಟರ್ ಮತ್ತು ವಾಷಿಂಗ್ ಮಷಿನ್ ಸಾಲಿಗಾದರೂ ಅರ್ಥಿಂಗ್‌ನ ಹಸಿರು ವೈರ್ ಎಳೆಸಿ, ಆರ್‌ಸಿಸಿಬಿ ಹಾಕಿಸಿ. ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಓಮ್ ಲೆಕ್ಕವನ್ನು ಬರೆಸಿಕೊಳ್ಳಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಅಂದೇ ಬದಲಿಸಿ.