ತಾಯಂದಿರೇ, ಶಾಲೆಯ ಸಭೆಗೆ ಹೋಗಿ

ಸರಕಾರಿ ಶಾಲೆಗಳನ್ನು ದೂರುವವರು ಅನೇಕರಿದ್ದಾರೆ. ಆದರೆ ಅವುಗಳನ್ನು ಸರಿಪಡಿಸುವ ಅಧಿಕಾರ ಹೆತ್ತವರಿಗೂ ಇದೆಯೆಂದು ಅರಿತವರು ಕಡಿಮೆ. ನಮ್ಮ ರಾಜ್ಯದಲ್ಲಿ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಜಾರಿಗೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅನುದಾನದ ಖರ್ಚನ್ನು ಗಮನಿಸುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಹೊಣೆ.

ಆದರೆ ಮಹಿಳಾ ಸದಸ್ಯರ ಪಾತ್ರ ಕೇವಲ ಸಹಿ ಹಾಕುವುದಕ್ಕೆ ಸೀಮಿತವಾದರೆ ಏನು ಪ್ರಯೋಜನ? ಮಗಳು ಶಾಲೆಯಲ್ಲಿ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವುದೇಕೆಂದು ತಾಯಿಗೆ ಗೊತ್ತಿರುತ್ತದೆ. ಆ ಮಾತು ಸಭೆಗೆ ಬರಬೇಕು.

ಹುಡುಗಿಯರ ಪ್ರತ್ಯೇಕ ಶೌಚಾಲಯದಲ್ಲಿ ನೀರಿದೆಯೇ? ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇರಬೇಕಾದ ಇಬ್ಬರು ಶಿಕ್ಷಕರಿದ್ದಾರೆಯೇ? ಗ್ರಂಥಾಲಯದ ಪುಸ್ತಕಗಳು ಕಪಾಟಿನಲ್ಲಿವೆಯೋ, ಮಕ್ಕಳ ಕೈಯಲ್ಲಿವೆಯೋ? ಹೀಗೆ ಕೇಳಿ. ಸಿಕ್ಕಿದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಿಸಿ.

ಬೀಡಿ ಕಟ್ಟುವ, ಕೂಲಿಗೆ ಹೋಗುವ ತಾಯಂದಿರಿಗೆ ಹಗಲಿನ ಸಭೆ ಎಂದರೆ ಆ ದಿನದ ಸಂಪಾದನೆ ತಪ್ಪಿದಂತೆ. ಸಭೆಯನ್ನು ಅವರಿಗೆ ಅನುಕೂಲವಾದ ಹೊತ್ತಿಗೆ ಇಡುವಂತೆ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳಿ. ಸುಧಾರಣೆ ಅಲ್ಲಿಂದಲೇ ಆರಂಭವಾಗಲಿ.