ಮಾರಿಕಣಿವೆಯ ನೀರು ಕಲಿಸುವ ಬೀಜಗಣಿತ

ಬೀಜಗಣಿತವೆಂದೊಡನೆ ಮುಖ ಸಿಂಡರಿಸುವ ಮಕ್ಕಳು ಯಾರ ಮನೆಯಲ್ಲಿಲ್ಲ? ಅದರಲ್ಲಿಯೂ ‘ಫಂಕ್ಷನ್’ ಎಂಬ ಪಾಠ ಬಂದರೆ ಹೈಸ್ಕೂಲು ವಿದ್ಯಾರ್ಥಿಗೆ ದಿಗಿಲು. ಆದರೆ ಚಿತ್ರದುರ್ಗ ಜಿಲ್ಲೆಯ ರೈತನು ಆ ಪಾಠವನ್ನು ಓದದೆಯೇ ಅದರ ಲೆಕ್ಕವನ್ನು ದಿನವೂ ಹಾಕುತ್ತಾನೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದಲ್ಲಿ ಇಂದು ಎಷ್ಟು ಅಡಿ ನೀರಿದೆ ಎಂಬುದೇ ಆ ಲೆಕ್ಕ.

ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನವು 1898ರಿಂದ 1907ರವರೆಗೆ ಈ ಕಟ್ಟೆಯನ್ನು ಕಟ್ಟಿಸಿತು. ಕೋಡಿಯ ಮಟ್ಟ 130 ಅಡಿ. ಅಷ್ಟು ತುಂಬಿದಾಗ ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ.; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಒಂದು ಪ್ರಶ್ನೆ, ಒಂದೇ ಉತ್ತರ

ಯಾವುದಾದರೊಂದು ದಿನದ ಬೆಳಗನ್ನು ಹೆಸರಿಸಿದರೆ ಆಗಿನ ನೀರಿನ ಮಟ್ಟ ಒಂದೇ ಆಗಿರುತ್ತದೆ, ಎರಡಾಗಲು ಸಾಧ್ಯವಿಲ್ಲ. ಹೀಗೆ ಕೊಟ್ಟ ಒಂದೊಂದು ಬೆಲೆಗೂ ಒಂದೇ ಒಂದು ಉತ್ತರವನ್ನು ಗೊತ್ತುಮಾಡುವ ನಿಯಮಕ್ಕೆ ಫಂಕ್ಷನ್ ಎಂದು ಹೆಸರು. ಗಣಿತಜ್ಞ ಆಯ್ಲರನು 1734ರಲ್ಲಿ ಇದನ್ನು ‘ಎಫ್ ಆಫ್ ಎಕ್ಸ್’ ಎಂದು ಬರೆಯುವ ಪದ್ಧತಿಯನ್ನು ಬಳಕೆಗೆ ತಂದನು.

ಪ್ರಶ್ನೆಯನ್ನು ತಿರುಗಿಸಿದರೆ ಮಾತ್ರ ಸಂಗತಿ ಬೇರೆ. ನೀರು ಕೋಡಿಯ ಮಟ್ಟ ಮುಟ್ಟಿದ್ದು ಎಂದು? 1933ರಲ್ಲಿ ಎನ್ನಬೇಕು, 89 ವರ್ಷಗಳ ತರುವಾಯ 2022ರಲ್ಲಿ ಎಂದೂ ಎನ್ನಬೇಕು, 2025ರ ಜನವರಿಯಲ್ಲಿ ಎಂದೂ ಸೇರಿಸಬೇಕು. ಒಂದೇ ಮಟ್ಟಕ್ಕೆ ಹಲವು ದಿನಗಳು! ಆದ್ದರಿಂದ ಮಟ್ಟದಿಂದ ದಿನಕ್ಕೆ ಹೋಗುವ ದಾರಿ ಫಂಕ್ಷನ್ ಅಲ್ಲ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ದಿನಗಳನ್ನು ಅಡ್ಡಗೆರೆಯ ಮೇಲೂ ಮಟ್ಟವನ್ನು ನೆಟ್ಟಗೆರೆಯ ಮೇಲೂ ಗುರುತಿಸಿ ನಕ್ಷೆ ಬರೆದರೆ ಕೆರೆಯ ಚರಿತ್ರೆಯೇ ಕಣ್ಣಿಗೆ ಕಾಣುತ್ತದೆ. ಮಳೆಗಾಲದ ಏರಿಕೆ, ಬೇಸಗೆಯ ಇಳಿಕೆ, ತುತ್ತತುದಿಯ ಗರಿಷ್ಠ, ಬರಗಾಲದ ಕನಿಷ್ಠ—ಪಠ್ಯಪುಸ್ತಕವು ಹೇಳುವ ಫಂಕ್ಷನ್ನಿನ ಮುಖ್ಯ ಲಕ್ಷಣಗಳು ಇವೇ ಅಲ್ಲವೆ?

ಅರ್ಧ ಎತ್ತರ, ಅರ್ಧ ನೀರಲ್ಲ

ಇನ್ನೊಂದು ಫಂಕ್ಷನ್ ಉಂಟು: ಇಷ್ಟು ಅಡಿಗೆ ಇಷ್ಟು ನೀರು ಎಂಬುದು. ಇದಕ್ಕೆ ಎಲ್ಲೆಯೂ ಉಂಟು. ಸೊನ್ನೆಗಿಂತ ಕಡಮೆ ಮಟ್ಟಕ್ಕಾಗಲಿ, ಕಟ್ಟೆಯನ್ನು ಮೀರಿದ 300 ಅಡಿಗಾಗಲಿ ಎಷ್ಟು ನೀರೆಂದು ಕೇಳುವುದು ಅರ್ಥವಿಲ್ಲದ ಮಾತು. ಕೇಳಬಹುದಾದ ಬೆಲೆಗಳ ಈ ಕ್ಷೇತ್ರವೇ ಗಣಿತದವರ ‘ಡೊಮೇನ್’; ದೊರೆಯುವ ಉತ್ತರಗಳ ಹರವೇ ‘ರೇಂಜ್’.

ಇದರ ನಕ್ಷೆ ನೇರವಾದ ಗೆರೆಯಲ್ಲ. 130 ಅಡಿಗೆ 30 ಟಿ.ಎಂ.ಸಿ. ಆದರೆ 60 ಅಡಿಗೆ 14 ಇರಬೇಕೆಂದು ತ್ರೈರಾಶಿ ಹೇಳೀತು. ನಿಜವಾಗಿ ಇರುವುದು ಎರಡು ಟಿ.ಎಂ.ಸಿ.ಗೂ ಕಡಮೆ! ಕಣಿವೆಯು ತಳದಲ್ಲಿ ಕಿರಿದು, ಮೇಲೇರಿದಂತೆಲ್ಲ ಅಗಲ. ಆದುದರಿಂದ ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ನೀರು ಬಹಳ ಹೆಚ್ಚು. ಗೆರೆಯು ಏರುತ್ತ ಹೋದಂತೆ ಕಡಿದಾಗುತ್ತದೆ.

ಇದು ಬರಿಯ ಪರೀಕ್ಷೆಯ ಮಾತಲ್ಲ. 60 ಅಡಿಯ ಕೆಳಗಿನ ನೀರನ್ನು ಬಳಕೆಗೆ ಬಾರದ ಸಂಗ್ರಹವೆಂದೇ ಎಣಿಸುತ್ತಾರೆ. 2022ಕ್ಕೆ ಹಿಂದಿನ ಬರದ ವರ್ಷಗಳಲ್ಲಿ ಮಟ್ಟವು ಅದರ ಸಮೀಪಕ್ಕೆ ಇಳಿದಾಗ, ಹಿರಿಯೂರಿನ ತೋಟಗಳಿಗೂ ಚಿತ್ರದುರ್ಗದ ಕೊಡಗಳಿಗೂ ಕಷ್ಟ ಬಂದಿತು. ಎತ್ತರವು ಅರ್ಧದ ಹತ್ತಿರವಿದ್ದರೂ ನೀರು ಮುಗಿದಂತೆಯೇ ಆಗಿತ್ತು. ಕೋಡಿ ಬಿದ್ದಾಗ ಇನ್ನೊಂದು ಬಗೆಯ ಕಷ್ಟ: ತುದಿಯ ಒಂದೊಂದು ಅಡಿಯೂ ವಿಶಾಲವಾಗಿ ಹರಡಿ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಜಮೀನುಗಳನ್ನು ಮುಳುಗಿಸುತ್ತದೆ.

‘ಕಟ್ಟೆಯಲ್ಲಿ ಒಂದು ಅಡಿ ನೀರು ಏರಿತು’ ಎಂಬ ಸುದ್ದಿಯನ್ನು ಓದಿದ ಮಗುವು ‘ಎಷ್ಟನೆಯ ಅಡಿ?’ ಎಂದು ಕೇಳಿದರೆ, ಫಂಕ್ಷನ್ನಿನ ಪಾಠ ಅದಕ್ಕೆ ತಿಳಿಯಿತೆಂದೇ ತಂದೆತಾಯಿಗಳು ನಂಬಬಹುದು.