ಚಿಗಟ ಬಂತೆಂದು ಬೆಕ್ಕನ್ನು ಓಡಿಸಬೇಡಿ

ನಮ್ಮ ಸಂಘದ ಮನೆಗಳ ಮಕ್ಕಳಲ್ಲಿ ನಾಯಿ, ಬೆಕ್ಕು ಸಾಕುವ ಆಸೆ ಹೆಚ್ಚುತ್ತಿರುವುದು ಸಂತೋಷದ ವಿಷಯ. ಆದರೆ ಮುಂಬಯಿಯ ಮಳೆಗಾಲದಲ್ಲಿ ಆ ಪ್ರಾಣಿಯ ಬೆನ್ನೇರಿ ಇನ್ನೊಂದು ಸಂಸಾರವೂ ಮನೆ ಸೇರುತ್ತದೆ. ನೀವು ಹಿಂದಿಯಲ್ಲಿ ಪಿಸ್ಸು ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಚಿಗಟ ಎನ್ನುತ್ತಾರೆ. ತಿಗಣೆ ಬೇರೆ, ಅದು ಹಾಸಿಗೆಯದು. ಉಣ್ಣೆ ಬೇರೆ, ಅದು ಚರ್ಮಕ್ಕೆ ಕಚ್ಚಿಕೊಂಡು ಕೂತಲ್ಲೇ ಊದಿಕೊಳ್ಳುತ್ತದೆ. ಚಿಗಟಕ್ಕೆ ರೆಕ್ಕೆಯಿಲ್ಲ, ನೆಗೆಯುವುದರಲ್ಲಿ ಮಾತ್ರ ಅದನ್ನು ಮೀರಿಸುವವರು ಕಡಿಮೆ.

ಮನೆಯ ಹಿರಿಯರು ಚಿಗಟವೆಂದರೆ ಬೆಚ್ಚುವುದಕ್ಕೆ ಕಾರಣವಿದೆ. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದನ್ನು ಇಲಿಯ ಚಿಗಟ ಸಾಗಿಸುತ್ತದೆಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ಕರಾಚಿಯಲ್ಲಿ ಕಂಡುಕೊಂಡ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಪ್ಲೇಗಿನ ನಂತರ. ಆದರೆ ನಿಮ್ಮ ಬೆಕ್ಕಿನ ಮೈಮೇಲಿರುವುದು ಸಾಮಾನ್ಯವಾಗಿ ಬೇರೆ ಜಾತಿಯದು. ಅದರ ಕಾಟ ಹೆಚ್ಚಾಗಿ ತುರಿಕೆ, ಅಲರ್ಜಿ, ಲಾಡಿಹುಳು. ಮರಿಗಳಿಗೆ ಮಾತ್ರ ರಕ್ತ ಬತ್ತಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಇದೆಯೋ ಇಲ್ಲವೋ ತಿಳಿಯಲು ಹೇನು ತೆಗೆಯುವ ಒತ್ತು ಬಾಚಣಿಗೆ ಸಾಕು. ಬಾಲದ ಬುಡದಲ್ಲಿ ಬಾಚಿ, ಬಂದ ಕಪ್ಪು ಹುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಕೆಂಪುಕಂದು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ.

ಇಷ್ಟಕ್ಕೇ ಮುಗಿಯಿತೆಂದುಕೊಂಡರೆ ಸೋತಿರಿ. ಮೈಮೇಲೆ ಕಾಣುವುದು ಸೈನ್ಯದ ಒಂದು ತುಕಡಿ ಮಾತ್ರ. ಹೆಣ್ಣು ಚಿಗಟ ದಿನಕ್ಕೆ 40ರವರೆಗೂ ಮೊಟ್ಟೆಯಿಡುತ್ತದೆ. ಅವು ಜಾರಿ ಚಾಪೆ, ಸೋಫಾದ ಸಂದು, ಮಂಚದ ಕೆಳಗೆ ಬೀಳುತ್ತವೆ. ಮರಿಹುಳು ಕತ್ತಲಲ್ಲಿ ಆ ಹಿಕ್ಕೆಯನ್ನೇ ತಿಂದು ಬೆಳೆದು ಗೂಡು ಕಟ್ಟುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದೊಡನೆ ಹೊರಗೆ ಬರುತ್ತದೆ. ರಜೆಗೆ ಊರಿಗೆ ಹೋಗಿ ಬಂದು ಬೀಗ ತೆಗೆದ ಕೂಡಲೇ ಕಾಲೆಲ್ಲ ಕಚ್ಚಿಸಿಕೊಳ್ಳುವುದು ಹೀಗೆ. ಅಮ್ಮ ಸಿಟ್ಟಾಗಿ ಬೆಕ್ಕನ್ನು ಆಚೆ ಬಿಡು ಎಂದರೆ ಇದನ್ನೇ ಹೇಳಿ. ಬೆಕ್ಕು ಹೋದರೂ ಗೂಡುಗಳು ಹೋಗುವುದಿಲ್ಲ. ಹಸಿದ ಚಿಗಟಕ್ಕೆ ಆಮೇಲೆ ಅಮ್ಮನ ಕಾಲೇ ಗತಿ!

ಪ್ರಾಣಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರಿದ್ದರೆ ದಿನವೂ ಸಂದುಗೊಂದು ಎಳೆದು, ಅದರ ಕಸವನ್ನು ಕಟ್ಟಿ ಕೂಡಲೇ ಹೊರಗೆ ಹಾಕಿ. ಇಲ್ಲದಿದ್ದರೆ ಪೊರಕೆ, ಒದ್ದೆ ಬಟ್ಟೆ ಇದ್ದೇ ಇವೆ. ಸೋಫಾ ಸರಿಸದೆ ಗುಡಿಸುವುದು ಮಾತ್ರ ಗುಡಿಸಿದಂತಲ್ಲ.

ಔಷಧದ ವಿಷಯದಲ್ಲಿ ನಾನು ನಿಷ್ಠುರ. ನಾಯಿಗೆಂದು ಮಾರುವ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕು ತಡೆಯಲಾರದು. ನಮ್ಮ ಕಟ್ಟಡದ ಒಬ್ಬ ಹುಡುಗ ಪಕ್ಕದ ಮನೆಯ ನಾಯಿಯ ಔಷಧವನ್ನು ತನ್ನ ಬೆಕ್ಕಿನ ಕತ್ತಿಗೆ ಹಾಕಿದ. ಸಂಜೆಗೆ ಅದು ಗಡಗಡ ನಡುಗಿ ಸೆಟೆದುಕೊಂಡಿತು. ಪಶುವೈದ್ಯರು ಎರಡು ರಾತ್ರಿ ಇಟ್ಟುಕೊಂಡು ಉಳಿಸಿಕೊಟ್ಟರು. ಎಲ್ಲ ಬೆಕ್ಕುಗಳಿಗೂ ಆ ಅದೃಷ್ಟವಿರುವುದಿಲ್ಲ. ಸೀಮೆಎಣ್ಣೆ, ಫಿನಾಯಿಲ್, ಕರ್ಪೂರ ಮೈಗೆ ಸವರುವುದೂ ಬೇಡ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಓಡುತ್ತದೆಂಬ ಮಾತನ್ನೂ ನಂಬಬೇಡಿ. ಅದು ನಾಯಿ, ಬೆಕ್ಕು ಎರಡರ ರಕ್ತವನ್ನೂ ಕೆಡಿಸುತ್ತದೆ.

ಪ್ರಾಣಿಯನ್ನು ತೂಕ ಮಾಡಿಸಿ, ವಯಸ್ಸು ಹೇಳಿ, ವೈದ್ಯರಿಂದಲೇ ಔಷಧ ಬರೆಸಿಕೊಳ್ಳಿ. ಲಾಡಿಹುಳುವಿನ ಔಷಧವನ್ನೂ ಅಂದೇ ಕೇಳಿ. ಮನೆಯಲ್ಲಿ ಎರಡು ಪ್ರಾಣಿಗಳಿದ್ದರೆ ಎರಡಕ್ಕೂ, ತುರಿಸಿಕೊಳ್ಳದ್ದಕ್ಕೂ, ಒಂದೇ ದಿನ ಅದರದರದ ಔಷಧ ಹಾಕಬೇಕು. ಗೂಡಿನಲ್ಲಿರುವವು ಬರುತ್ತಲೇ ಇರುವುದರಿಂದ ಕಡಿಮೆಯೆಂದರೂ ಮೂರು ತಿಂಗಳು ಬಿಡದೆ ಮುಂದುವರಿಸಿ. ಎರಡನೆಯ ವಾರ ಮತ್ತೆ ನಾಲ್ಕು ಚಿಗಟ ಕಂಡರೆ ಔಷಧ ಸುಳ್ಳೆಂದು ಬದಲಾಯಿಸಬೇಡಿ. ಅವು ಈಗಷ್ಟೇ ಗೂಡು ಬಿಟ್ಟು ಬಂದವು.